ಹೈದರಾಬಾದಿಗೆ ಹೋದ ಅಪೀಲು, ಬೆಂಗಳೂರಿಗೆ ಹೋದ ಅಪೀಲು

1956ರ ಅಕ್ಟೋಬರ್ 31ರವರೆಗೆ ಕಲಬುರಗಿಯ ಜಿಲ್ಲಾ ಕೋರ್ಟಿನಲ್ಲಿ ಸೋತವನು ಹೈದರಾಬಾದಿನ ಹಾದಿ ಹಿಡಿಯುತ್ತಿದ್ದ. ಸುಮಾರು 220 ಕಿಲೋಮೀಟರ್ ದೂರ. ವಾಡಿಯಲ್ಲಿ ಗಾಡಿ ಬದಲಿಸಿದರೆ ಮೂಸಿ ನದಿಯ ದಂಡೆಯ ಮೇಲಿನ ಹೈಕೋರ್ಟಿಗೆ ಹೋಗಿ, ವಕೀಲರನ್ನು ಕಂಡು, ಕಾಗದ ಕೊಟ್ಟು ಮರಳಿ ಬರಬಹುದಿತ್ತು. ನವೆಂಬರ್ 1ರ ಬೆಳಿಗ್ಗೆ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರು ದಶಕಗಳಿಂದ ಕಾದಿದ್ದ ದಿನ ಅದು, ಸಂಭ್ರಮಕ್ಕೆ ಕಾರಣವಿತ್ತು. ಆದರೆ ಅಂದಿನಿಂದ ಕಲಬುರಗಿಯವರ ಹೈಕೋರ್ಟು ಬೆಂಗಳೂರಿಗೆ ಹೋಯಿತು. ದೂರ ಹೆಚ್ಚುಕಡಿಮೆ 600 ಕಿಲೋಮೀಟರ್. ಬೀದರಿನವರಿಗೆ ಇನ್ನೂ ನೂರು ಕಿಲೋಮೀಟರ್ ಹೆಚ್ಚು.

ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಅಲ್ಲಿನ ಕಕ್ಷಿದಾರರಿಗೆ ಹೈದರಾಬಾದಿನ ಹಳೆಯ ಹೈಕೋರ್ಟೇ ಉಳಿಯಿತು. ಪಕ್ಕದ ಸೇಡಂ, ಚಿಂಚೋಳಿಯವರು ಮಾತ್ರ ಬೆಂಗಳೂರಿನ ಕಡೆ ಮುಖ ಮಾಡಬೇಕಾಯಿತು. ಒಂದೇ ಸಂತೆಗೆ ಬರುತ್ತಿದ್ದ ಊರುಗಳ ನಡುವೆ ನ್ಯಾಯದ ದಾರಿ ಎರಡಾಯಿತು.

ಕೋರ್ಟಿನ ಚರಿತ್ರೆ ಎಂದರೆ ಸಾಮಾನ್ಯವಾಗಿ ಕಟ್ಟಡದ ಚರಿತ್ರೆ ಎಂದು ಭಾವಿಸುವುದುಂಟು: ಯಾರು ಕಟ್ಟಿಸಿದರು, ಎಷ್ಟು ಕಮಾನು, ಎಂಥ ಕಲ್ಲು. ಕಲಬುರಗಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆಗಳು ಎರಡು. ಕೋರ್ಟು ಎಷ್ಟು ದೂರದಲ್ಲಿತ್ತು? ಅದು ಯಾವ ಭಾಷೆಯಲ್ಲಿ ಮಾತಾಡುತ್ತಿತ್ತು? ಕಳೆದ ನೂರೈವತ್ತು ವರ್ಷಗಳಲ್ಲಿ ಈ ಭಾಗದ ರೈತ, ವ್ಯಾಪಾರಿ, ವಿಧವೆ, ಗೇಣಿದಾರ ಎಲ್ಲರೂ ಈ ಎರಡು ಪ್ರಶ್ನೆಗಳ ನಡುವೆಯೇ ಓಡಾಡಿದ್ದಾರೆ.

ಈ ನೆಲಕ್ಕೆ ಕಾನೂನು ಹೊಸದೇನಲ್ಲ. ಕಲಬುರಗಿಯಿಂದ ಹೆಚ್ಚು ದೂರವಿಲ್ಲದ ಮರ್ತೂರು ಶಹಾಬಾದ್ ಬಳಿಯ ಊರು. ಅಲ್ಲಿ ಸಿಕ್ಕ ಶಾಸನದ ಆಧಾರದ ಮೇಲೆ ವಿದ್ವಾಂಸರು ವಿಜ್ಞಾನೇಶ್ವರನನ್ನು ಆ ಊರಿನೊಂದಿಗೆ ಸೇರಿಸಿ ನೋಡುತ್ತಾರೆ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಬಂಗಾಳ, ಅಸ್ಸಾಂ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹೇಗೆ ಪಾಲಾಗಬೇಕು ಎಂಬುದನ್ನು ಶತಮಾನಗಳ ಕಾಲ ನಿರ್ಧರಿಸಿದ್ದು ಈ ಗ್ರಂಥ. ಬ್ರಿಟಿಷ್ ನ್ಯಾಯಾಧೀಶರು ಅದನ್ನು ಅನುವಾದ ಮಾಡಿಸಿಕೊಂಡು ಓದಿದರು. ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಅದರ ವಾಕ್ಯಗಳ ಮೇಲೆ ವಾದ ನಡೆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಕೊಡಲು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ತಿದ್ದಿದ್ದು ಇದೇ ಮಿತಾಕ್ಷರ ಪದ್ಧತಿಯ ನಿಯಮವನ್ನು. ದೇಶಕ್ಕೆಲ್ಲ ಪಾಲುಪಟ್ಟಿಯ ಕಾನೂನು ಕೊಟ್ಟ ಸೀಮೆಯ ಜನ ತಮ್ಮ ಮನೆಯ ಪಾಲಿನ ವ್ಯಾಜ್ಯಕ್ಕೆ ನೂರಾರು ಮೈಲಿ ಅಲೆದರು ಎಂಬುದು ಇಲ್ಲಿನ ಚರಿತ್ರೆಯ ನೋವಿನ ಸಂಗತಿ.

ಆಧುನಿಕ ಅರ್ಥದ ಕೋರ್ಟು ಕಲಬುರಗಿಗೆ ಬಂದದ್ದು ಹೈದರಾಬಾದಿನ ದಿವಾನ ಮೊದಲನೆಯ ಸಾಲಾರ್ ಜಂಗ್ ಕಾಲದಲ್ಲಿ. 1853ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ನಿಜಾಮ ರಾಜ್ಯದಲ್ಲಿ ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇತ್ತು. ವಸೂಲಿ ಮಾಡುವವನೇ ದಂಡ ಹಾಕುವವನೂ ಆಗಿದ್ದ. ಸಾಲ ಕೊಟ್ಟ ಅರಬ್ ಜಮಾದಾರರು, ರೋಹಿಲ್ಲರು ಸಾಲಗಾರನನ್ನು ತಮ್ಮದೇ ಕಾವಲಿನಲ್ಲಿ ಕೂಡಿಹಾಕುತ್ತಿದ್ದ ಕಾಲ ಅದು. ಸಾಲಾರ್ ಜಂಗ್ ಈ ಸಾಲ ಕೊಟ್ಟವರ ಕೈ ಕಟ್ಟಿದರು. 1865ರಲ್ಲಿ ಜಿಲ್ಲಾಬಂದಿ ಜಾರಿಗೆ ಬಂದು ರಾಜ್ಯ ಜಿಲ್ಲೆಗಳಾಗಿ ವಿಂಗಡವಾಯಿತು. ಮುಂದೆ ಕಲಬುರಗಿ ಒಂದು ಸುಭಾದ, ಅಂದರೆ ಹಲವು ಜಿಲ್ಲೆಗಳ ವಿಭಾಗದ, ಕೇಂದ್ರವಾಯಿತು. ರಾಯಚೂರು, ಬೀದರ್, ಉಸ್ಮಾನಾಬಾದ್ ಜಿಲ್ಲೆಗಳೂ ಅದರ ಕೆಳಗೆ ಬಂದವು. ಸುಭೇದಾರನ ಕಚೇರಿ, ವಿಭಾಗದ ಕೋರ್ಟು, ಜೈಲು ಎಲ್ಲ ಇಲ್ಲಿ ನೆಲೆಯೂರಿದವು.

ಇದಕ್ಕೆ ರೈಲೂ ಜೊತೆಯಾಯಿತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು 1871ರ ಹೊತ್ತಿಗೆ ಕಲಬುರಗಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಬಹಮನಿಗಳು ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಮಂಕಾಗಿದ್ದ ಊರು ಕಚೇರಿ, ಕೋರ್ಟು, ಗಿರಣಿಗಳಿಂದ ಮತ್ತೆ ಎದ್ದು ನಿಂತಿತು. 1901ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 29 ಸಾವಿರ. ಆ ಸಣ್ಣ ಪಟ್ಟಣಕ್ಕೆ ತಾರೀಖಿನ ದಿನ ಹಳ್ಳಿಗಳಿಂದ ಜನ ಬಂಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಕಮಲಾಪುರದಂಥ ಊರಿನಿಂದ ಬರುವವರಿಗೆ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿಲೋಮೀಟರ್. ಎತ್ತಿನ ಬಂಡಿಗೆ ಅದು ಇಡೀ ದಿನದ ಹಾದಿ. ಪೇಶಿ, ಅಂದರೆ ವಿಚಾರಣೆ, ಮುಂದಕ್ಕೆ ಹೋಯಿತೆಂದರೆ ಹೋಗಿ ಬರುವಷ್ಟರಲ್ಲಿ ಮೂರು ದಿನದ ಕೂಲಿ ಹೋಯಿತು.

ಆದರೂ ಅಂದಿನ ಜಿಲ್ಲೆಯಲ್ಲಿ ನ್ಯಾಯಾಧೀಶನಿಗೂ ಅಧಿಕಾರಿಗೂ ನಡುವೆ ಗೆರೆ ಇರಲಿಲ್ಲ. ಜಿಲ್ಲೆಯ ಮುಖ್ಯಸ್ಥನಾದ ಅವ್ವಲ್ ತಾಲೂಕ್ದಾರನೇ ಮುಖ್ಯ ಮ್ಯಾಜಿಸ್ಟ್ರೇಟ್. ತಹಸೀಲ್ದಾರನಿಗೂ ಸಣ್ಣಪುಟ್ಟ ದಾವೆ ವಿಚಾರಿಸುವ ಅಧಿಕಾರ ಇತ್ತು. ಕಂದಾಯ ಬಾಕಿ ಉಳಿಸಿಕೊಂಡ ರೈತ ತನ್ನ ಹೊಲದ ತಕರಾರು ಹಿಡಿದು ನಿಲ್ಲಬೇಕಾಗಿದ್ದು ಬಾಕಿ ವಸೂಲಿಗೆ ಬಂದ ಅದೇ ಅಧಿಕಾರಿಯ ಮುಂದೆ. ಈ ಗಂಟು ಬಿಚ್ಚಿದ್ದು 1921ರಲ್ಲಿ. ಹೈದರಾಬಾದಿನ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾಗಿ ಬಂದ ಸರ್ ಅಲಿ ಇಮಾಮ್ ಬ್ಯಾರಿಸ್ಟರ್. ಮೊದಲು ಪಟ್ನಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಅವರ ಅವಧಿಯಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಿದರು. ಬ್ರಿಟಿಷ್ ಭಾರತದಲ್ಲಿ ಕಾಂಗ್ರೆಸ್ ಅಧಿವೇಶನಗಳು ವರ್ಷವರ್ಷವೂ ಬೇಡುತ್ತಿದ್ದ, ಆದರೆ ಸ್ವಾತಂತ್ರ್ಯದ ನಂತರವೂ ಬಹಳ ಕಾಲ ಪೂರ್ತಿಯಾಗದ ಸುಧಾರಣೆ ಇದು. ನಿಜಾಮ ಆಡಳಿತದ ಬಗ್ಗೆ ಹೇಳಬೇಕಾದ ಕಹಿ ಮಾತುಗಳು ಬೇಕಾದಷ್ಟಿವೆ. ಈ ಒಂದು ಕೆಲಸದಲ್ಲಿ ಅದು ದೇಶಕ್ಕೆ ಮುಂದಿತ್ತು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಅದಕ್ಕೆ ಒಂದು ವರ್ಷ ಮೊದಲು, 1920ರ ಏಪ್ರಿಲ್ 20ರಂದು, ಹೈದರಾಬಾದಿನ ಹೊಸ ಹೈಕೋರ್ಟು ಕಟ್ಟಡದ ಉದ್ಘಾಟನೆ ಆಗಿತ್ತು. 1908ರ ಮೂಸಿ ಪ್ರವಾಹ ನಗರವನ್ನು ಕೊಚ್ಚಿಹಾಕಿದ ಮೇಲೆ ನದಿ ದಂಡೆಯನ್ನು ಹೊಸದಾಗಿ ಕಟ್ಟುವ ಯೋಜನೆಯ ಭಾಗ ಅದು. ನಕ್ಷೆ ಜೈಪುರದ ಶಂಕರ ಲಾಲ್ ಅವರದು, ಕಟ್ಟಿಸಿದ ಎಂಜಿನಿಯರ್ ಮೆಹರ್ ಅಲಿ ಫಜಲ್. ಗುಲಾಬಿ ಬಣ್ಣದ ಗ್ರಾನೈಟು, ಕೆಂಪು ಮರಳುಗಲ್ಲು, ಮೇಲೆ ಗುಮ್ಮಟಗಳು. ಕಲಬುರಗಿಯಿಂದ ಅಪೀಲಿಗೆ ಹೋದವರು ಕಂಡ ಹೈಕೋರ್ಟು ಇದೇ. ಅಲ್ಲಿಯೂ ಸೋತವರಿಗೆ ಪ್ರಿವಿ ಕೌನ್ಸಿಲ್‌ನ ದಾರಿ ಇರಲಿಲ್ಲ. ಹೈದರಾಬಾದಿಗೆ ತನ್ನದೇ ಆದ ಜುಡಿಷಿಯಲ್ ಕಮಿಟಿ ಇತ್ತು. ಕೊನೆಯ ಮಾತು ನಿಜಾಮರದು.

ಭಾಷೆಯ ಕಥೆ ಇದಕ್ಕಿಂತ ಗಂಭೀರ. ಸರ್ಕಾರದ ಕಾಗದಪತ್ರ ಮೊದಲು ಪರ್ಶಿಯನ್‌ನಲ್ಲಿ ನಡೆಯುತ್ತಿತ್ತು. 1880ರ ದಶಕದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಅದರ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿ ವಿಜ್ಞಾನ, ವೈದ್ಯಕೀಯ, ಕಾನೂನು ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿದರು. ಅದಕ್ಕಾಗಿ ಅನುವಾದದ ದೊಡ್ಡ ಸಂಸ್ಥೆಯೇ ಹುಟ್ಟಿತು. ದೇಶೀಯ ಭಾಷೆಯೊಂದು ಉನ್ನತ ಶಿಕ್ಷಣವನ್ನು ಹೊರಬಲ್ಲದು ಎಂದು ತೋರಿಸಿದ ದಿಟ್ಟ ಪ್ರಯೋಗ ಅದು. ಆದರೆ ಕಲಬುರಗಿ, ರಾಯಚೂರು, ಬೀದರಿನ ಕನ್ನಡ ಮಾತಾಡುವ ರೈತನಿಗೆ ಆ ಪ್ರಯೋಗದಿಂದ ದಕ್ಕಿದ್ದು ಏನೂ ಇಲ್ಲ. ನಿಜಾಮರ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಅಚ್ಚಾಗಿತ್ತು. ಅವನ ಹೊಲದ ತೀರ್ಪಿನಲ್ಲಿ ಕನ್ನಡ ಇರಲಿಲ್ಲ.

ಕೋರ್ಟಿನಲ್ಲಿ ರೈತ ಕನ್ನಡದಲ್ಲಿ ಹೇಳಿದ್ದನ್ನು ಕೋರ್ಟಿನ ಗುಮಾಸ್ತನಾದ ಪೇಶಗಾರ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ. ಅದನ್ನು ಓದಿ ಹೇಳಿದಾಗ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಹೊರಗೆ ಮರದ ಕೆಳಗೆ ಕೂತ ಮುನ್ಷಿ ಅರ್ಜಿ ಬರೆದುಕೊಡುತ್ತಿದ್ದ. ಬಂದ ಸಮನ್ಸು ಓದಿ ಹೇಳಲೂ ಅವನೇ ಬೇಕು. ಹೇಳಿದ್ದಕ್ಕೂ ಬರೆದದ್ದಕ್ಕೂ ಎಷ್ಟು ಅಂತರ ಬಿತ್ತು ಎಂದು ತಿಳಿಯಲು ಆ ರೈತನಿಗೆ ದಾರಿಯೇ ಇರಲಿಲ್ಲ. ಇಂದಿಗೂ ಈ ಭಾಗದ ಮನೆಗಳ ಟ್ರಂಕಿನಲ್ಲಿ ಸಿಗುವ ಹಳೆಯ ದಸ್ತಾವೇಜು ತೆಗೆದು ನೋಡಿದರೆ ಇದು ಅರ್ಥವಾಗುತ್ತದೆ. ಆಸಫಿಯಾ, ಅಂದರೆ ನಿಜಾಮರ, ಸರ್ಕಾರದ ಮುದ್ರೆಯ ಸ್ಟಾಂಪ್ ಕಾಗದ. ಬಲದಿಂದ ಎಡಕ್ಕೆ ಓಡುವ ಶಿಕಸ್ತಾ ಬರಹ. ಅಕ್ಷರಕ್ಕೆ ಅಕ್ಷರ ಕೂಡಿಕೊಂಡು, ಅರ್ಧದಷ್ಟು ಚುಕ್ಕಿಗಳು ಬಿಟ್ಟುಹೋಗಿ, ಛಾಪಿಸಿದ ಉರ್ದು ಬಲ್ಲವರೂ ತಡವರಿಸುವ ಕೈಬರಹ. ತಾರೀಖಿನಲ್ಲಿ ಆಜುರ್, ದೈ, ಬಹಮನ್ ಎಂಬ ತಿಂಗಳುಗಳು. ಇಸವಿ ಫಸಲಿ: 1345 ಎಂದಿದ್ದರೆ ಅದಕ್ಕೆ 590 ಕೂಡಿಸಿ 1935 ಎಂದು ತಿಳಿಯಬೇಕು. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ತಾರೀಖು ಜನವರಿ ಅಥವಾ ಅದರ ನಂತರದ್ದಾಗಿದ್ದರೆ ಅದು 1936. ದಾವೆ ಹಾಕುವ ಮುದ್ದತ್ತಿನ ವಾದ ಬಂದಾಗ ಈ ಒಂದು ವರ್ಷದ ವ್ಯತ್ಯಾಸಕ್ಕೆ ದಾವೆ ಉಳಿಯುತ್ತದೆ ಅಥವಾ ಬೀಳುತ್ತದೆ.

ಇಂಥ ಕೋರ್ಟಿನ ಸುತ್ತ ವಕೀಲರ ಒಂದು ಪೀಳಿಗೆ ಬೆಳೆಯಿತು. ಅವರಲ್ಲಿ ಹೆಸರು ಹೇಳಲೇಬೇಕಾದವರು ಕೇಶವರಾವ್ ಕೋರಟಕರ್. ಮರಾಠವಾಡಾದಿಂದ ಬಂದ ಅವರು ವಕೀಲಿ ಶುರು ಮಾಡಿದ್ದು ಕಲಬುರಗಿಯಲ್ಲಿ. ಆಮೇಲೆ ಹೈದರಾಬಾದಿಗೆ ಹೋಗಿ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರ ಸ್ಥಾನದವರೆಗೂ ಏರಿದರು. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ ಈ ವಕೀಲ ವರ್ಗದ ಶಿಕ್ಷಣದ ಹಂಬಲಕ್ಕೆ ಸಾಕ್ಷಿ. ಇನ್ನೊಬ್ಬರು ಕಪಟರಾಳ ಕೃಷ್ಣರಾವ್. ಕರಿಕೋಟು ತೆಗೆದಿಟ್ಟ ಮೇಲೆ ಅವರು ಶಾಸನ ಓದುತ್ತಿದ್ದರು. ಸುರಪುರ ಸಂಸ್ಥಾನದ ಇತಿಹಾಸ, ಲಾಕುಳ ಶೈವರ ಇತಿಹಾಸ ಅವರಿಂದ ಕನ್ನಡಕ್ಕೆ ಬಂದವು. ಕನ್ನಡಕ್ಕೆ ಕಚೇರಿಯಲ್ಲಿ ಜಾಗವಿಲ್ಲದ ಕಾಲದಲ್ಲಿ ಈ ಜನ ಮನೆಯಲ್ಲಿ, ಸಂಘದಲ್ಲಿ, ಶಾಲೆಯಲ್ಲಿ ಅದನ್ನು ಉಳಿಸಿಕೊಂಡರು.

1939ರ ಫೆಬ್ರವರಿಯಲ್ಲಿ ಕಲಬುರಗಿಯ ಹೆಸರು ದೇಶದ ಪತ್ರಿಕೆಗಳಿಗೆ ಬಂತು. ಧಾರ್ಮಿಕ ಸ್ವಾತಂತ್ರ್ಯದ ಬೇಡಿಕೆಯಿಂದ ಆರ್ಯ ಸಮಾಜ ಹೈದರಾಬಾದ್ ರಾಜ್ಯದಲ್ಲಿ ಸತ್ಯಾಗ್ರಹ ಹೂಡಿತ್ತು. ಅದರ ಮೊದಲ ನಾಯಕ ಮಹಾತ್ಮ ನಾರಾಯಣ ಸ್ವಾಮಿಯವರು ವಯೋವೃದ್ಧರು. ಕಲಬುರಗಿಗೆ ಬಂದು ಬಂಧನಕ್ಕೆ ಒಳಗಾದರು. ಒಂದು ವರ್ಷದ ಸಜೆಯಾಗಿ ಇಲ್ಲಿನ ಜೈಲು ಸೇರಿದರು. ಅವರ ಹಿಂದೆ ಉತ್ತರ ಭಾರತದಿಂದ ತಂಡ ತಂಡವಾಗಿ ಸತ್ಯಾಗ್ರಹಿಗಳು ಬಂದರು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ ಒಪ್ಪಂದಕ್ಕೆ ಬಂದು ಅವರನ್ನೆಲ್ಲ ಬಿಡುವವರೆಗೂ ಜೈಲುಗಳು ತುಂಬಿದ್ದವು.

ಎಂಟು ವರ್ಷದ ನಂತರ ಕೋರ್ಟುಗಳೇ ಬಿಕೋ ಎಂದವು. 1947ರ ಆಗಸ್ಟಿನ ನಂತರ ನಿಜಾಮರು ಭಾರತಕ್ಕೆ ಸೇರಲು ಒಪ್ಪದಿದ್ದಾಗ, ಅವರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹಳ್ಳಿಗಳಿಗೆ ಹಬ್ಬಿದಾಗ, ಹೈದರಾಬಾದ್ ರಾಜ್ಯದ ನೂರಾರು ವಕೀಲರು ಕೋರ್ಟು ಬಹಿಷ್ಕರಿಸಿದರು. ಈ ಚಳವಳಿಯ ಮುಂದಾಳು ಕೇಶವರಾವ್ ಅವರ ಮಗ, ಬ್ಯಾರಿಸ್ಟರ್ ವಿನಾಯಕರಾವ್ ವಿದ್ಯಾಲಂಕಾರ್. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು. 17ರಂದು ನಿಜಾಮರು ಶರಣಾದರು. ಕಲ್ಯಾಣ ಕರ್ನಾಟಕ ಆ ದಿನವನ್ನು ವಿಮೋಚನೆಯ ದಿನವಾಗಿ ಆಚರಿಸುತ್ತದೆ.

ಆ ವರ್ಷದ ಹಿಂಸೆಯ ಬಹುಪಾಲು ಯಾವ ಕೋರ್ಟಿಗೂ ಬರಲಿಲ್ಲ. ರಜಾಕಾರರು ಸುಟ್ಟ ಮನೆಗಳಲ್ಲಿ ಇಂದಿನ ಬೀದರ್ ಜಿಲ್ಲೆಯ ವರವಟ್ಟಿಯ ಒಂದು ಮನೆಯೂ ಇತ್ತು. ತಾಯಿಯನ್ನು ಆ ಬೆಂಕಿಯಲ್ಲಿ ಕಳೆದುಕೊಂಡ ಹುಡುಗ ತಂದೆಯೊಂದಿಗೆ ಕಲಬುರಗಿಗೆ ಬಂದು ಬೆಳೆದ. ಅವರೇ ಮಲ್ಲಿಕಾರ್ಜುನ ಖರ್ಗೆ. ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಎರಡೂ ಕಡೆಯ ನೊಂದವರಿಗೆ ಸಾಕ್ಷಿ ಹೇಳಲು ಒಂದು ಕಟಕಟೆ ಸಿಗಬೇಕಿತ್ತು. ಬಹುಮಂದಿಗೆ ಸಿಗಲಿಲ್ಲ. ಈ ಜಿಲ್ಲೆಯ ನ್ಯಾಯದ ಚರಿತ್ರೆ ಬರೆಯುವಾಗ ನಡೆಯದೇ ಹೋದ ವಿಚಾರಣೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಎಂಟು ವರ್ಷಗಳಲ್ಲಿ ಕಾನೂನಿನ ಮೈಯೇ ಬದಲಾಯಿತು. 1949ರಲ್ಲಿ ಜಾಗೀರು ರದ್ದು. 1950ರಲ್ಲಿ ಗೇಣಿದಾರರ ಕಾಯ್ದೆ. ಅದರಿಂದ 'ರಕ್ಷಿತ ಗೇಣಿದಾರ' ಎಂಬ ಹಕ್ಕು ಹುಟ್ಟಿತು. 1951ರ ಏಪ್ರಿಲ್ 1ರಿಂದ ಹೈದರಾಬಾದಿನ ದಂಡಸಂಹಿತೆ ಹೋಗಿ ಭಾರತೀಯ ದಂಡಸಂಹಿತೆ ಜಾರಿಯಾಯಿತು. 1955ರಲ್ಲಿ ಇನಾಮು ರದ್ದತಿ. ಒಂದೊಂದು ಕಾಯ್ದೆಯೂ ಹೊಲದ ಮೇಲೆ ಹೊಸ ಹಕ್ಕು ತಂದಿತು. ಹಕ್ಕಿನ ಹಿಂದೆ ತಕರಾರು, ತಕರಾರಿನ ಹಿಂದೆ ದಾವೆ ಬಂದವು. 1954–55ರಲ್ಲಿ ತಯಾರಾದ ಖಾಸ್ರಾ ಪಹಣಿ ಇಂದಿಗೂ ಈ ಭಾಗದ ಜಮೀನು ವ್ಯಾಜ್ಯಗಳಲ್ಲಿ ಮೊದಲು ಕೇಳುವ ಕಾಗದ.

ಹೀಗೆ ದಾವೆಗಳು ಹೆಚ್ಚುತ್ತಿದ್ದ ಹೊತ್ತಿನಲ್ಲಿಯೇ ಹೈಕೋರ್ಟು ದೂರವಾಯಿತು. ಬೆಂಗಳೂರಿನ ಕೆಂಪು ಬಣ್ಣದ ಅಠಾರಾ ಕಚೇರಿ 1864–68ರಲ್ಲಿ ಕಟ್ಟಿದ್ದು. ಸರ್ಕಾರಿ ಇಲಾಖೆಗಳು 1956ರಲ್ಲಿ ಎದುರಿನ ವಿಧಾನಸೌಧಕ್ಕೆ ಹೋದ ಮೇಲೆ ಆ ಸುಂದರ ಕಟ್ಟಡ ಹೈಕೋರ್ಟಿನದಾಯಿತು. ಅದನ್ನು ಕೆಡವುವ ಪ್ರಸ್ತಾಪ 1980ರ ದಶಕದಲ್ಲಿ ಬಂದಾಗ ನಾಗರಿಕರು ಹೋರಾಡಿ ಉಳಿಸಿಕೊಂಡರು. ಕಲಬುರಗಿಯವರಿಗೆ ಮಾತ್ರ ಆ ಕಟ್ಟಡ ಎಂದರೆ ರಾತ್ರಿಯಿಡೀ ರೈಲು, ಬೆಳಿಗ್ಗೆ ಲಾಡ್ಜು, ವಕೀಲರ ಆಫೀಸಿನ ಬೆಂಚು, ಮತ್ತೆ ರಾತ್ರಿಯಿಡೀ ರೈಲು. ಕೋರ್ಟಿನ ಭಾಷೆಯೂ ಇನ್ನೊಮ್ಮೆ ಬದಲಾಗಿತ್ತು. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷು. ಉರ್ದು ತೀರ್ಪು ಓದಲಾಗದ ರೈತನ ಮಗ ಇಂಗ್ಲಿಷ್ ತೀರ್ಪು ಹಿಡಿದು ಮತ್ತೊಬ್ಬರ ಮನೆ ಬಾಗಿಲಿಗೆ ಹೋದ.

ದೂರದ ಬೆಲೆ ಎಷ್ಟೆಂದು ತಿಳಿಯಲು 1974ರ ಭೂಸುಧಾರಣೆಯ ಕಾಲ ನೋಡಬೇಕು. ದೇವರಾಜ ಅರಸು ಸರ್ಕಾರ 1961ರ ಕಾಯ್ದೆಯನ್ನು ಬಿಗಿಯಾಗಿ ತಿದ್ದಿ, ಉಳುವವನಿಗೆ ಒಡೆತನ ಕೊಡಲು ತಾಲೂಕುಗಳಲ್ಲಿ ಭೂನ್ಯಾಯಮಂಡಳಿ ತೆರೆಯಿತು. ಗೇಣಿದಾರರು ಒಡೆತನ ಕೋರುವ ಏಳನೇ ನಮೂನೆ ತುಂಬಿದರು. ಮಂಡಳಿಯ ಆದೇಶದ ಮೇಲೆ ಸಾಮಾನ್ಯ ಅಪೀಲು ಇರಲಿಲ್ಲ. ಇದ್ದದ್ದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಒಂದೇ. 1986ರಲ್ಲಿ ಜಿಲ್ಲೆಗಳಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಬಂದವು, 1990ರಲ್ಲಿ ಅವೂ ಹೋದವು. ಕಮಲಾಪುರದಲ್ಲಿ ಎರಡೆಕರೆಯ ಗೇಣಿದಾರನೊಬ್ಬ ಮಂಡಳಿಯಲ್ಲಿ ಗೆದ್ದ ಎಂದಿಟ್ಟುಕೊಳ್ಳಿ. ಜಮೀನ್ದಾರ ಬೆಂಗಳೂರಿಗೆ ಹೋಗಿ ರಿಟ್ ಹಾಕುತ್ತಾನೆ. ನೋಟಿಸು ಗೇಣಿದಾರನಿಗೆ ಬರುತ್ತದೆ. ಅವನು ಬೆಂಗಳೂರಿನಲ್ಲಿ ವಕೀಲರನ್ನು ಹಿಡಿಯಬೇಕು, ಫೀಜು ಹೊಂದಿಸಬೇಕು, ವಕಾಲತ್‌ನಾಮೆಗೆ ಸಹಿ ಹಾಕಲು ಹೋಗಬೇಕು. ಹೋಗದಿದ್ದರೆ ಅವನ ಪರ ಹೇಳುವವರಿಲ್ಲದೆ ಆದೇಶ ಬೀಳಬಹುದು. ಹೋದರೆ ಆ ವರ್ಷದ ತೊಗರಿ ಖರ್ಚಿಗೇ ಮಾರಿಹೋಗುತ್ತದೆ. ಕಾಗದದ ಮೇಲೆ ಇಬ್ಬರಿಗೂ ಹಕ್ಕು ಸಮಾನ. 600 ಕಿಲೋಮೀಟರ್ ದಾರಿ ಮಾತ್ರ ಇಬ್ಬರಿಗೂ ಸಮಾನವಾಗಿರಲಿಲ್ಲ.

"ವಕೀಲ ಸಾಹೇಬ್ರ, ಬೆಂಗಳೂರಿಗಿ ನಾ ಬರಲೇಬೇಕೇನ್ರಿ?" ಎಂಬುದು ಕಕ್ಷಿದಾರರು ಕಲಬುರಗಿಯ ವಕೀಲರಿಗೆ ಆ ಕಾಲದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆ.

ಇಲ್ಲಿನ ಬಾರ್ ದೊಡ್ಡ ಹೆಸರುಗಳನ್ನು ಕೊಟ್ಟಿತು. ಉಸ್ಮಾನಿಯಾದಲ್ಲಿ ಕಾನೂನು ಓದಿದ ವೀರೇಂದ್ರ ಪಾಟೀಲ ಮತ್ತು ಧರ್ಮಸಿಂಗ್ ಮುಖ್ಯಮಂತ್ರಿಗಳಾದರು. ರಾಯಚೂರು ಜಿಲ್ಲೆಯ ಮಲದಕಲ್ಲಿನ ಶಿವರಾಜ ಪಾಟೀಲರು ಕಲಬುರಗಿಯಲ್ಲಿ ಕಾನೂನು ಓದಿ, 1962ರಿಂದ ಇಲ್ಲಿಯೇ ವಕೀಲಿ ನಡೆಸಿ, ಆಮೇಲೆ ಬೆಂಗಳೂರಿಗೆ ಹೋದರು. 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅವರ ಕೈಕೆಳಗೆ ಜೂನಿಯರ್ ಆಗಿ ವೃತ್ತಿ ಕಲಿತವರು ಖರ್ಗೆ. ಶೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿದ ಅವರು 1969ರಲ್ಲಿ ಎಂ.ಎಸ್.ಕೆ. ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. ನಿಜಾಮರ ಕಾಲದ ಆ ಗಿರಣಿಯ ಕಾರ್ಮಿಕರ ಕೇಸುಗಳು ಅವರಿಗೆ ರಾಜಕೀಯ ಪಾಠವೂ ಆದವು. ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ಹೈಕೋರ್ಟಿನಲ್ಲಿ ವೃತ್ತಿ ನಡೆಸಬೇಕೆಂದರೆ ಊರು ಬಿಡಲೇಬೇಕಿತ್ತು. ಬಿಟ್ಟವರ ಹಿಂದೆ ಊರಿನ ಬಾರ್ ಬಡವಾಗುತ್ತಿತ್ತು.

ಈ ಭಾಗಕ್ಕೆ ಹೈಕೋರ್ಟಿನ ಪೀಠ ಬೇಕೆಂಬ ಬೇಡಿಕೆ ಹುಟ್ಟಿದ್ದು ಇದರಿಂದ. ಧಾರವಾಡ ಮತ್ತು ಕಲಬುರಗಿಯ ವಕೀಲರು ದಶಕಗಳ ಕಾಲ ಧರಣಿ ಕೂತರು, ಕಲಾಪ ಬಹಿಷ್ಕರಿಸಿದರು. ಕಾನೂನಿನಲ್ಲಿ ಎರಡು ಬಾಗಿಲುಗಳಿದ್ದವು. ಎರಡೂ 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 51ನೇ ಕಲಮಿನಲ್ಲಿವೆ. ಅದರ ಎರಡನೇ ಉಪಕಲಮಿನಂತೆ ರಾಷ್ಟ್ರಪತಿಗಳು ಕಾಯಂ ಪೀಠ ಸ್ಥಾಪಿಸಬಹುದು. ಮೂರನೆಯದರಂತೆ ಮುಖ್ಯ ನ್ಯಾಯಮೂರ್ತಿಗಳು ರಾಜ್ಯಪಾಲರ ಒಪ್ಪಿಗೆ ಪಡೆದು ಬೇರೆ ಊರಿನಲ್ಲಿ ಕಲಾಪ ನಡೆಸಬಹುದು. ವಕೀಲ ಸಂಘಗಳ ಒಕ್ಕೂಟ ಸುಪ್ರೀಂ ಕೋರ್ಟಿಗೂ ಹೋಯಿತು. 2000ದಲ್ಲಿ ಅರ್ಜಿ ವಜಾ ಆಯಿತು: ಪೀಠ ಬೇಕೋ ಬೇಡವೋ ಎಂಬುದು ಭಾವನೆಯ ಮೇಲೆ ತೀರ್ಮಾನವಾಗುವಂಥದಲ್ಲ, ಹೈಕೋರ್ಟಿನ ಅಭಿಪ್ರಾಯವೇ ಮುಖ್ಯ ಎಂದು ನ್ಯಾಯಾಲಯ ಹೇಳಿತು. ಬೀದರಿನಿಂದ 700 ಕಿಲೋಮೀಟರ್ ಪ್ರಯಾಣ ಮಾಡುವವನ ಕಷ್ಟ ಭಾವನೆಯ ಮಾತಲ್ಲ, ಲೆಕ್ಕದ ಮಾತು ಎಂಬ ಹೋರಾಟಗಾರರ ವಾದ ಅಲ್ಲಿಗೆ ನಿಲ್ಲಲಿಲ್ಲ.

2008ರ ಜುಲೈ 4ರಂದು ಧಾರವಾಡದಲ್ಲಿ, ಮರುದಿನ ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಉದ್ಘಾಟನೆಯಾದವು. ಐದು ವರ್ಷದ ನಂತರ, 2013ರ ಆಗಸ್ಟ್ 31ರಿಂದ, ಕಲಬುರಗಿಯದು ಕಾಯಂ ಪೀಠವಾಯಿತು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿದ್ದೂ ಅದೇ ವರ್ಷ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳು ಪೀಠದ ವ್ಯಾಪ್ತಿಗೆ ಬಂದವು. 1956ಕ್ಕೆ ಮೊದಲು ವಿಜಯಪುರದ ಅಪೀಲು ಮುಂಬಯಿಗೆ, ಉಳಿದವರದು ಹೈದರಾಬಾದಿಗೆ ಹೋಗುತ್ತಿತ್ತು. ಆ ಎರಡು ಚರಿತ್ರೆಗಳು ಈಗ ಒಂದೇ ಕಟ್ಟಡದಲ್ಲಿ ಕೂಡಿವೆ.

ಕಮಲಾಪುರಕ್ಕೂ ಈ ಬದಲಾವಣೆ ಮುಟ್ಟಿದೆ. ಕೆಂಪು ಬಾಳೆಗೆ ಹೆಸರಾದ, ಆ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಊರು ಅದು. ತಲೆಮಾರುಗಳ ಕಾಲ ಕಲಬುರಗಿ ತಾಲೂಕಿನ ಭಾಗವಾಗಿದ್ದು, 2018ರಲ್ಲಿ ತಾನೇ ತಾಲೂಕಾಯಿತು. ಕಾಳಗಿ, ಶಹಾಬಾದ್, ಯಡ್ರಾಮಿಗಳೂ ಆಗಲೇ ತಾಲೂಕಾದವು. 2017ರ ಅಕ್ಟೋಬರಿನಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಪೂರ್ತಿಯಾಗಿ ತೆರೆದು, ಕಮಲಾಪುರ ರೈಲು ನಕಾಶೆಯಲ್ಲಿ ಬಂತು. ಬಂಡಿಯಲ್ಲಿ ದಿನ ಹಿಡಿಯುತ್ತಿದ್ದ ದಾರಿ ಈಗ ಒಂದು ಗಂಟೆಯದು. ತಾಲೂಕಾದ ಊರಿಗೆಲ್ಲ ಕೋರ್ಟು ತಾನಾಗಿ ಬರುವುದಿಲ್ಲ. ಹೈಕೋರ್ಟಿನ ಒಪ್ಪಿಗೆ, ನ್ಯಾಯಾಧೀಶರ ಹುದ್ದೆ, ಕಟ್ಟಡ, ಸಿಬ್ಬಂದಿ ಎಲ್ಲ ಕೂಡಿಬರಬೇಕು. ಹೊಸ ತಾಲೂಕುಗಳ ಜನ ಈ ಬೇಡಿಕೆಯನ್ನು ಕೈಬಿಡಬಾರದು. ಪೀಠಕ್ಕಾಗಿ 52 ವರ್ಷ ಕಾದ ಸೀಮೆಗೆ ಕೇಳದಿದ್ದರೆ ಏನೂ ಸಿಗುವುದಿಲ್ಲ ಎಂಬುದು ಗೊತ್ತಿದೆ.

ದೂರದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಭಾಷೆಯ ಪ್ರಶ್ನೆ ಇನ್ನೂ ಬಾಕಿ ಇದೆ, ಅದೂ ತುರ್ತಾಗಿ. ಕಂದಾಯ ಇಲಾಖೆ 'ಭೂ ಸುರಕ್ಷಾ' ಯೋಜನೆಯಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ, ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಆದ ಶಿಕಸ್ತಾ ಉರ್ದುವನ್ನು, ಹಳೆಯ ಮರಾಠಿ ಬರಹದ ಮೋಡಿ ಲಿಪಿಯನ್ನು ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ನಿಜಾಮರ ಕಾಲದ ಸೇತ್ವಾರ್ ಎಂಬ ಭೂಮಾಪನದ ದಾಖಲೆ, ಖರೀದಿ ಪತ್ರ, ಕೋರ್ಟಿನ ಡಿಕ್ರಿಗಳ ಮೇಲೆ ಇಂದಿಗೂ ಹೊಲಗಳ ಒಡೆತನ ನಿಂತಿದೆ. ಅವನ್ನು ಓದುವ ಕೊನೆಯ ಪೀಳಿಗೆ ಇರುವಾಗಲೇ ಕಲಬುರಗಿಯ ವಿಶ್ವವಿದ್ಯಾಲಯಗಳು ಮತ್ತು ಕಾನೂನು ಕಾಲೇಜುಗಳು ಶಿಕಸ್ತಾ ಮತ್ತು ಮೋಡಿ ಓದುವುದನ್ನು ಕಲಿಸುವ ತರಗತಿ ತೆರೆಯಬೇಕು. ಸರ್ಕಾರ ಪ್ರತಿ ತಾಲೂಕಿಗೂ ಮಾನ್ಯತೆ ಪಡೆದ ಅನುವಾದಕರನ್ನು ಕೊಡಬೇಕು. ಮನೆಯ ಟ್ರಂಕಿನಲ್ಲಿ ಅಂಥ ಕಾಗದ ಇಟ್ಟುಕೊಂಡವರು ಅದನ್ನು ಮಡಿಚಿಡದೆ, ಫೋಟೋ ತೆಗೆಸಿ, ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ, ಕನ್ನಡದಲ್ಲಿ ಬರೆಸಿಟ್ಟುಕೊಳ್ಳಲಿ.